ಯಾರ ಮುಂದೆ?
(ಬಾನುಲಿ ಭಾಷಣ)



ಕಳೆದ ವರ್ಷ ಸುಗ್ಗಿಯ ದಿನಗಳಲ್ಲಿ, ಮೂಡಲಗಿಯ ಸಮೀಪದ ಹಳ್ಳಿಯೊಂದರಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ತಂಗಿಯ ಮೊಮ್ಮಗಳು ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ಹುಡುಗಿ. ತರಗತಿಯ ಅಭ್ಯಾಸಕ್ಕೆಂದು ಅವಳೊಂದು ಪ್ರಶ್ನಾವಳಿಯನ್ನು ತಂದಿದ್ದಳು. ಮನುಷ್ಯನ ವ್ಯಕ್ತಿತ್ವವನ್ನು ಅಳೆಯುವುದಕ್ಕೆ ಜಗತ್ತಿನಾದ್ಯಂತ ಬಳಸುವ ಬಗೆಯದು. ಒಂದೊಂದು ಗುಣವನ್ನು ಹೇಳಿ, ಅದು ನಿಮಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡಬೇಕೆಂದು ಕೇಳುತ್ತಾರೆ. ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಹುಡುಗಿ ಅವರ ಮುಂದೆ ಕುಳಿತು, "ಆಯಿ, ನೀವು ಭಾಳ ಮಾತಾಡಾವ್ರೇನ್ರಿ? ಹೌದಂದ್ರ ಐದು, ಇಲ್ಲಂದ್ರ ಒಂದು" ಎಂದಳು. ಆ ತಾಯಿ ಕೈ ನಿಲ್ಲಿಸದೆಯೇ, "ಯಾರ ಮುಂದ, ತಂಗಿ?" ಎಂದು ಕೇಳಿದರು. ಹುಡುಗಿ ಸುಮ್ಮನಾದಳು. ಆಗ ಅವರೇ ಮುಂದುವರಿಸಿ, "ಹೊಲದಾಗ ಕಸಾ ತಗಿಯೂವಾಗ ನನ್ನ ಬಾಯಿ ನಿಂದರೂದಿಲ್ಲ. ಬೀಗರು ಬಂದ್ರ ನಾ ಒಳಗಿನ ಮಂದಿ. ಮಗನ ಮುಂದ ಅಂವಾ ಕೇಳಿದಷ್ಟು. ಈಗ ನೀನ ಹೇಳು, ಒಂದ ಬರೀತಿಯೋ, ಐದೋ?" ಎಂದರು. ಹುಡುಗಿ ಮೂರು ಎಂದು ಬರೆದುಕೊಂಡಳು. ಆ ಮೂರು ಎಂಬ ಅಂಕ ಆ ತಾಯಿ ಹೇಳಿದ ಯಾವ ಮಾತಿಗೂ ಸಲ್ಲುವುದಿಲ್ಲವೆಂಬುದು ನನಗೂ ತಿಳಿಯಿತು, ಅವಳಿಗೂ ತಿಳಿಯಿತು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿರುವ ವಿಷಯವನ್ನು ಇಂದು ತಮ್ಮ ಮುಂದೆ ಇಡುತ್ತೇನೆ. ನಾನು ಮನಃಶಾಸ್ತ್ರವನ್ನು ಓದಿದವನಲ್ಲ. ಮೂರು ದಶಕಗಳಿಗೂ ಮಿಕ್ಕು ಗೋಕಾವಿ ಸೀಮೆಯ ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಮನುಷ್ಯನು ಹೀಗೇಕೆ ನಡೆದುಕೊಂಡನು ಎಂಬ ಪ್ರಶ್ನೆ ಸಾಹಿತ್ಯದ್ದೂ ಹೌದು. ಆ ಪ್ರಶ್ನೆಯನ್ನು ದೇಶದೇಶಗಳ ವಿದ್ವಾಂಸರು ಒಟ್ಟುಗೂಡಿ ವಿಚಾರಿಸುವಾಗ ನಮ್ಮ ನಾಡಿನವರ ಪಾಲು ಏನು, ನಮ್ಮ ಭಾಷೆಯ ಪಾಲು ಏನು ಎಂಬುದು ಕನ್ನಡದ ಅಧ್ಯಾಪಕನೂ ಯೋಚಿಸತಕ್ಕ ವಿಷಯವೇ ಆಗಿದೆ.

ಮನಃಶಾಸ್ತ್ರದ ಎರಡು ಕವಲುಗಳು ಇಲ್ಲಿ ಪ್ರಸ್ತುತವಾಗುತ್ತವೆ. ಒಬ್ಬೊಬ್ಬ ಮನುಷ್ಯನಲ್ಲಿ ಸ್ಥಿರವಾಗಿ ಕಾಣುವ ಗುಣಗಳನ್ನು ವಿಚಾರಿಸುವುದು ವ್ಯಕ್ತಿತ್ವದ ಮನಃಶಾಸ್ತ್ರ. ಮನುಷ್ಯನು ಇತರರ ನಡುವೆ ಹೇಗೆ ಯೋಚಿಸುತ್ತಾನೆ, ಹೇಗೆ ವರ್ತಿಸುತ್ತಾನೆ ಎಂಬುದನ್ನು ವಿಚಾರಿಸುವುದು ಸಾಮಾಜಿಕ ಮನಃಶಾಸ್ತ್ರ. ವ್ಯಕ್ತಿತ್ವವನ್ನು ಐದು ಮುಖ್ಯ ಗುಣಗಳಲ್ಲಿ ವಿವರಿಸಬಹುದೆಂಬ ಮತ ಕಳೆದ ಶತಮಾನದ ಕೊನೆಯ ವೇಳೆಗೆ ಬಲವಾಗಿ ಬೇರೂರಿತು. ಬಹಿರ್ಮುಖತೆ, ಸೌಹಾರ್ದ, ಕರ್ತವ್ಯಶೀಲತೆ, ಮನಸ್ಸಿನ ಅಸ್ಥಿರತೆ, ಹೊಸ ಅನುಭವಗಳಿಗೆ ತೆರೆದ ಮನಸ್ಸು - ಇವು ಆ ಐದು. ಇದರ ಒಂದು ಪ್ರಶ್ನಾವಳಿಯನ್ನು 28 ಭಾಷೆಗಳಲ್ಲಿ, 56 ರಾಷ್ಟ್ರಗಳ ಸುಮಾರು 18,000 ಜನರ ಮುಂದಿಟ್ಟು ದೊರೆತ ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು. ಅಂತರರಾಷ್ಟ್ರೀಯ ಸಹಕಾರಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ ಎಂದು ಯಾರಿಗಾದರೂ ಅನ್ನಿಸಬಹುದು.

ಆದರೆ ಇಂಥ ಪ್ರಶ್ನಾವಳಿಗಳಿಗೆ ಉತ್ತರ ಕೊಟ್ಟವರಲ್ಲಿ ಬಹುಮಂದಿ ಕಾಲೇಜು ಮೆಟ್ಟಿಲು ಹತ್ತಿದವರು. 2013ರಲ್ಲಿ ಮೈಕೇಲ್ ಗರ್ವೆನ್ ಎಂಬವರೂ ಅವರ ಸಂಗಡಿಗರೂ ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ ಬೇಟೆ, ಬೇಸಾಯಗಳಿಂದ ಬದುಕುವ ಚಿಮಾನೆ ಜನರನ್ನು ಅವರ ಭಾಷೆಯಲ್ಲಿಯೇ ಪ್ರಶ್ನಿಸಿದ ಸಂಶೋಧನೆಯನ್ನು ಪ್ರಕಟಿಸಿದರು. 632 ಜನರ ಉತ್ತರಗಳನ್ನು ಪರಿಶೀಲಿಸಿದಾಗ ಆ ಐದು ಗುಣಗಳ ಕಟ್ಟು ಅಲ್ಲಿ ಕಂಡುಬರಲಿಲ್ಲ. 2019ರಲ್ಲಿ ಇನ್ನೊಂದು ತಂಡ, ಬಡ ಮತ್ತು ಮಧ್ಯಮ ಆದಾಯದ 23 ದೇಶಗಳಲ್ಲಿ ಸಂಗ್ರಹವಾಗಿದ್ದ 94,751 ಜನರ ಉತ್ತರಗಳನ್ನು ಮತ್ತೆ ಪರೀಕ್ಷಿಸಿತು. ಮನೆಬಾಗಿಲಿಗೆ ಹೋಗಿ ಎದುರೆದುರು ಕುಳಿತು ಕೇಳಿದ ಪ್ರಶ್ನೆಗಳಿಗೆ ದೊರೆತ ಉತ್ತರಗಳು, ಅಳೆಯಬೇಕೆಂದುಕೊಂಡ ಗುಣಗಳನ್ನು ಸರಿಯಾಗಿ ಅಳೆಯುವುದಿಲ್ಲ ಎಂಬುದು ಅದರ ತೀರ್ಮಾನ. ಮೂಡಲಗಿಯ ಪಡಸಾಲೆಯಲ್ಲಿ ನಾನು ಕಂಡದ್ದು ಒಬ್ಬ ಮುದುಕಿಯ ಚಮತ್ಕಾರದ ಮಾತಷ್ಟೇ ಆಗಿರಲಿಲ್ಲ ಎಂಬುದು ಇದನ್ನು ಓದಿದ ಮೇಲೆ ನನಗೆ ಮನದಟ್ಟಾಯಿತು.

ಈ ಶಾಸ್ತ್ರ ಯಾರನ್ನು ನೋಡಿ ಬೆಳೆಯಿತು ಎಂದು ಲೆಕ್ಕ ಹಾಕಿದವರಿದ್ದಾರೆ. ಜೆಫ್ರಿ ಆರ್ನೆಟ್ ಎಂಬ ಅಮೆರಿಕದ ವಿದ್ವಾಂಸರು 2008ರಲ್ಲಿ ತಮ್ಮ ದೇಶದ ಆರು ಪ್ರಮುಖ ಮನಃಶಾಸ್ತ್ರ ಪತ್ರಿಕೆಗಳನ್ನು ಪರಿಶೀಲಿಸಿದರು. 2003ರಿಂದ 2007ರವರೆಗಿನ ಲೇಖನಗಳಲ್ಲಿ ಅಧ್ಯಯನಕ್ಕೆ ಒಳಗಾದವರ ಪೈಕಿ ನೂರಕ್ಕೆ 68ರಷ್ಟು ಅಮೆರಿಕದವರು; ಪಾಶ್ಚಾತ್ಯ ಕೈಗಾರಿಕಾ ದೇಶಗಳನ್ನೆಲ್ಲ ಸೇರಿಸಿದರೆ ನೂರಕ್ಕೆ 96. ಆ ದೇಶಗಳ ಜನಸಂಖ್ಯೆಯಾದರೋ ಜಗತ್ತಿನ ನೂರರಲ್ಲಿ 12 ಪಾಲು. ಗೋಕಾವಿಯ ಗಿರಣಿಯಲ್ಲಿ ನೂಲು ತೆಗೆದವರು, ಹುಕ್ಕೇರಿಯ ಹೊಲದಲ್ಲಿ ಕಬ್ಬು ಕಡಿದವರು, ಮೂಡಲಗಿಯ ದನದ ಸಂತೆಯಲ್ಲಿ ವ್ಯಾಪಾರ ಕುದುರಿಸಿದವರು - ಇವರಾರೂ ಆ ಗ್ರಂಥಗಳು 'ಮನುಷ್ಯ' ಎಂದಾಗ ಕಣ್ಣ ಮುಂದೆ ಬಂದವರಲ್ಲ.

ಹಾಗೆಂದು ಕನ್ನಡನಾಡಿಗೂ ಈ ಶಾಸ್ತ್ರಕ್ಕೂ ನಂಟಿಲ್ಲವೆಂದಲ್ಲ. ತಾವು ಈಗ ನನ್ನ ಮಾತನ್ನು ಕೇಳುತ್ತಿರುವ ಸಾಧನದಲ್ಲಿಯೇ ಆ ನಂಟು ಅಡಗಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಃಶಾಸ್ತ್ರಜ್ಞರ ಬಳಿ ಕಲಿತು ಬಂದವರು. ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಅದರ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಮನಸ್ಸನ್ನು ವಿಚಾರಿಸುವ ವಿದ್ಯೆ ಹೊರನಾಡಿನಿಂದ ಬಂತು. ಆ ವಿದ್ಯೆಯ ಅಧ್ಯಾಪಕರು ಜನಕ್ಕೆ ಮಾತು ಮುಟ್ಟಿಸುವ ಸಾಧನವನ್ನು ನಾಡಿಗೆ ಕೊಟ್ಟರು.

ಇನ್ನೊಂದು ನಂಟು ಕರಾವಳಿಯದು. ಶಿವರಾಮ ಕಾರಂತರು ಹುಟ್ಟಿದ ಕೋಟ ಎಂಬ ಊರನ್ನು ತಾವೆಲ್ಲರೂ ಬಲ್ಲಿರಿ. ಎಡಿನ್‌ಬರೋ ವಿಶ್ವವಿದ್ಯಾಲಯದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಆರ್.ಎಲ್. ಕಪೂರ್ ಜೊತೆಗೂಡಿ ಆ ಊರಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ಅಧ್ಯಯನ ನಡೆಸಿ, 1976ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ತಂದೆಯಿಂದ ಮಗನಿಗೆ ಆಸ್ತಿ ಸಾಗುವ ಮನೆತನಗಳೂ ಅಳಿಯಸಂತಾನದ ಮನೆತನಗಳೂ ಒಂದೇ ಊರಿನಲ್ಲಿ ಇದ್ದುದರಿಂದ, ಕುಟುಂಬದ ಕಟ್ಟಳೆ ಬದಲಾಗುವಾಗ ಮನಸ್ಸಿನ ಮೇಲೆ ಬೀಳುವ ಒತ್ತಡವನ್ನು ಅಲ್ಲಿ ವಿಚಾರಿಸುವುದು ಸಾಧ್ಯವಾಯಿತು. ನನ್ನ ಮಾತಿಗೆ ಮುಖ್ಯವಾದ ಅಂಶ ಬೇರೊಂದಿದೆ. ವಿಲಾಯತಿಯ ಪ್ರಶ್ನಾವಳಿ ಇಲ್ಲಿಯ ಜನರಿಗೆ ಹೊಂದುವುದಿಲ್ಲವೆಂದು ಕಂಡ ಕಪೂರ್, ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಹೊಸದೊಂದು ಸಂದರ್ಶನ ಕ್ರಮವನ್ನೇ ಸಿದ್ಧಪಡಿಸಿದರು. ಮೈಮೇಲೆ ಬರುವಂಥ ಊರಿನ ಅನುಭವಗಳನ್ನೂ, ಜನ ಮೊರೆಹೋಗುತ್ತಿದ್ದ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳನ್ನೂ ಅವರು ಗಮನಿಸಿದರು. ಕೇಳುವ ಪ್ರಶ್ನೆಯನ್ನು ಊರಿಗೆ ತಕ್ಕಂತೆ ತಿದ್ದಿಕೊಳ್ಳುವುದು ಸಹಕಾರದ ಮೊದಲನೆಯ ಮೆಟ್ಟಿಲು.

ಆದರೆ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಶಾಸ್ತ್ರದ ಒಂದು ನಂಬಿಕೆಯನ್ನೇ ಕದಲಿಸಿದ ಅಧ್ಯಯನ ಮೈಸೂರಿನಲ್ಲಿ ನಡೆಯಿತು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಜೋನ್ ಮಿಲ್ಲರ್ ಎಂಬ ವಿದುಷಿ ಅದನ್ನು ಕೈಗೊಂಡವರು. ವ್ಯಕ್ತಿತ್ವ ಮತ್ತು ಸಾಮಾಜಿಕ ಮನಃಶಾಸ್ತ್ರಕ್ಕೆ ಮೀಸಲಾದ ಅಮೆರಿಕದ ಪ್ರಧಾನ ಪತ್ರಿಕೆಯಲ್ಲಿ 1984ರಲ್ಲಿ ಅದು ಪ್ರಕಟವಾಯಿತು. ಮತ್ತೊಬ್ಬನ ನಡತೆಗೆ ಕಾರಣ ಹೇಳುವಾಗ ನಾವು ಅವನ ಸ್ವಭಾವವನ್ನು ಹೆಚ್ಚಾಗಿ ದೂರುತ್ತೇವೆ, ಸಂದರ್ಭವನ್ನು ಮರೆಯುತ್ತೇವೆ. ಇದು ಮನುಷ್ಯಬುದ್ಧಿಯ ಮೂಲಭೂತ ದೋಷ ಎಂದು ಆ ಕಾಲದ ಪಂಡಿತರು ಹೇಳುತ್ತಿದ್ದರು. 1977ರಲ್ಲಿ ಲೀ ರಾಸ್ ಎಂಬವರು ಅದಕ್ಕೆ ಅಂಥದೇ ಹೆಸರನ್ನೂ ಕೊಟ್ಟಿದ್ದರು. ಇದು ಮನುಷ್ಯರೆಲ್ಲರ ದೋಷವೋ, ಒಂದು ನಾಡಿನವರ ರೂಢಿಯೋ ಎಂಬುದನ್ನು ಮಿಲ್ಲರ್ ಪರೀಕ್ಷಿಸಿದರು.

ಅವರು ಅನುಸರಿಸಿದ ದಾರಿ ಸರಳವಾದುದು. ಶಿಕಾಗೊದಲ್ಲಿಯೂ ಮೈಸೂರಿನಲ್ಲಿಯೂ ಎಂಟು, ಹನ್ನೊಂದು, ಹದಿನೈದು ವರ್ಷದ ಮಕ್ಕಳನ್ನೂ ದೊಡ್ಡವರನ್ನೂ ಆರಿಸಿಕೊಂಡರು. ನಿಮಗೆ ಪರಿಚಯವಿದ್ದವರು ಮಾಡಿದ ಒಳ್ಳೆಯ ಕೆಲಸವನ್ನೂ ತಪ್ಪು ಕೆಲಸವನ್ನೂ ಹೇಳಿ, ಅವರು ಹಾಗೇಕೆ ಮಾಡಿದರು ಎಂಬುದನ್ನೂ ವಿವರಿಸಿ ಎಂದು ಕೇಳಿದರು. ಅಮೆರಿಕದ ದೊಡ್ಡವರು ಕೊಟ್ಟ ಕಾರಣಗಳಲ್ಲಿ ನೂರಕ್ಕೆ ಸುಮಾರು 40ರಷ್ಟು ಸ್ವಭಾವವನ್ನು ಕುರಿತವು; ಅವನು ಸ್ವಾರ್ಥಿ, ಇವನು ಉದಾರಿ ಎಂಬಂಥವು. ಮೈಸೂರಿನ ಹಿಂದೂ ವಯಸ್ಕರಲ್ಲಿ ಅಂಥವು 20ಕ್ಕೂ ಕಡಿಮೆ. ಅವರು ಹೆಚ್ಚಾಗಿ ಹೇಳಿದ್ದು ಸಂದರ್ಭವನ್ನು: ಆಗ ಯಾರಿದ್ದರು, ಯಾರಿಗೆ ಯಾರು ಏನಾಗಬೇಕು, ಯಾವ ಕರ್ತವ್ಯ ಎದುರಿಗಿತ್ತು ಎಂಬುದನ್ನು. ಇದಕ್ಕಿಂತ ಗಮನಾರ್ಹವಾದ ಇನ್ನೊಂದು ಸಂಗತಿಯಿದೆ. ಎಂಟು ವರ್ಷದ ಮಕ್ಕಳಲ್ಲಿ ಎರಡು ಊರುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ವಯಸ್ಸು ಏರಿದಂತೆ ಶಿಕಾಗೊದವರು ಸ್ವಭಾವದ ಕಡೆಗೂ ಮೈಸೂರಿನವರು ಸಂದರ್ಭದ ಕಡೆಗೂ ವಾಲಿದರು. ಹಾಗಾದರೆ ಇದು ರಕ್ತದಿಂದ ಬಂದ ಭೇದವಲ್ಲ. ಬೆಳೆಯುತ್ತ ಬೆಳೆಯುತ್ತ ಸುತ್ತಲಿನವರ ಮಾತಿನಿಂದ ಕಲಿತದ್ದು.

ಅದರಲ್ಲಿ ಬರುವ ಒಂದು ಪ್ರಸಂಗವನ್ನು ಹೇಳಬೇಕು. ವಕೀಲರೊಬ್ಬರು ಮೋಟಾರ್ ಸೈಕಲ್ಲಿನಲ್ಲಿ ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಹಿಂದಿನ ಚಕ್ರ ಒಡೆಯಿತು. ಹಿಂದೆ ಕುಳಿತವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲರು ಅವನನ್ನು ಆಸ್ಪತ್ರೆಗೆ ಸೇರಿಸಿ, ವೈದ್ಯರೊಡನೆ ಮಾತನಾಡದೆಯೇ ನ್ಯಾಯಾಲಯಕ್ಕೆ ಹೊರಟುಹೋದರು. ಗಾಯಗೊಂಡವನು ತೀರಿಕೊಂಡ. ಇದನ್ನು ಹೇಳಿದ ಭಾರತೀಯರು ವಕೀಲರ ನಡತೆ ತಪ್ಪೆಂದೇ ಎಣಿಸಿದ್ದರು. ಆದರೆ ಕಾರಣ ಹೇಳುವಾಗ, ಕಕ್ಷಿದಾರನ ಪರವಾಗಿ ಹಾಜರಿರುವುದು ಅವರ ಕರ್ತವ್ಯವಾಗಿತ್ತು, ಗಾಬರಿಯೂ ಆಗಿದ್ದೀತು, ಪೆಟ್ಟು ಅಷ್ಟು ದೊಡ್ಡದೆಂದು ತೋರಿರಲಿಕ್ಕಿಲ್ಲ ಎಂದರು. ಇದೇ ಪ್ರಸಂಗಕ್ಕೆ ಅಮೆರಿಕದವರು ಕೊಟ್ಟ ಕಾರಣಗಳಲ್ಲಿ ಎದ್ದು ಕಂಡದ್ದು, ಆತ ಹೊಣೆಗೇಡಿ ಎಂಬ ಮಾತು.

ಆ ಹುಡುಗಿ ಈ ಭಾಗವನ್ನು ನನಗೆ ಓದಿ ಹೇಳಿದಾಗ, 'ಹೊಣೆಗೇಡಿ' ಎಂಬ ಮಾತು ನನಗೆ ಬೇರೆಯೇ ಒಂದು ದಿನವನ್ನು ನೆನಪಿಸಿತು. ತೊಂಬತ್ತರ ದಶಕದ ಮಾತು. ಹುಕ್ಕೇರಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗ ಬಿ.ಎ. ಕೊನೆಯ ವರ್ಷದಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ. ಹಳಗನ್ನಡವನ್ನು ಚೆನ್ನಾಗಿ ಓದುತ್ತಿದ್ದ. ದೀಪಾವಳಿಯ ರಜೆ ಮುಗಿದ ಮೇಲೆ ಅವನು ತರಗತಿಗೆ ಬರಲಿಲ್ಲ, ಪತ್ರವನ್ನೂ ಬರೆಯಲಿಲ್ಲ. ಹಾಜರಿ ಕಡಿಮೆಯಾದವರ ಪಟ್ಟಿ ನನ್ನ ಅಭಿಪ್ರಾಯಕ್ಕೆ ಬಂದಾಗ ಅವನ ಹೆಸರಿನ ಮುಂದೆ, 'ಹೊಣೆಗೇಡಿ. ಅಧ್ಯಯನದಲ್ಲಿ ಆಸ್ಥೆಯಿಲ್ಲ' ಎಂದು ಬರೆದೆ. ಪಟ್ಟಿಯನ್ನು ಒಯ್ಯಲು ಬಂದಿದ್ದ ಸಿಪಾಯಿ ಅದೇ ಕಡೆಯವನು. ಅವನು ಬಾಗಿಲ ಬಳಿಯೇ ನಿಂತು, "ಸರ, ಆ ಹುಡುಗನ ಅಕ್ಕನ ಗಂಡ ತೀರಿಕೊಂಡಾನ್ರಿ. ಕಬ್ಬಿನ ಗ್ಯಾಂಗಿನ್ಯಾಗ ಮುಂಗಡಾ ತಗೊಂಡಿದ್ದ. ಅದು ತೀರೂತನಕ ಇವನs ಕಡಿಯಾಕ ಹೋಗಬೇಕಾಗೇದರಿ" ಎಂದ. ನಾನು, "ಅದು ಬೇರೆ ಮಾತು. ಹೊಣೆ ಅಂತ ಒಂದು ಇರತದ" ಎಂದು ಹೇಳಿ ಪಟ್ಟಿಯನ್ನು ಅವನ ಕೈಗೆ ಕೊಟ್ಟೆ.

ಆ ವರ್ಷ ಹುಡುಗ ಪರೀಕ್ಷೆಗೆ ಕೂರಲಾಗಲಿಲ್ಲ. ಮುಂದೆ ಕಾಲೇಜಿಗೆ ಬರಲೂ ಇಲ್ಲ. ಅಕ್ಕನ ಮನೆಯ ಋಣವನ್ನು ತನ್ನ ತೋಳಿನಿಂದ ತೀರಿಸಲು ಹೋದವನನ್ನು ನಾನು ಹೊಣೆಗೇಡಿ ಎಂದು ಬರೆದಿದ್ದೆ. ಸಿಪಾಯಿ ಹೇಳಿದ್ದು ಸುಳ್ಳೆಂದು ನನಗೆ ತೋರಿರಲಿಲ್ಲ. ಅದು ನನ್ನ ಬರವಣಿಗೆಗೆ ಸಂಬಂಧಪಡದ ಮಾತೆಂದು ತೋರಿತ್ತು. ಕೆಲವು ವರ್ಷಗಳ ಮೇಲೆ ಘಟಪ್ರಭಾ ರೈಲು ನಿಲ್ದಾಣದಲ್ಲಿ ಅವನು ಎದುರಾದ. "ಸರ, ಆರಾಮ ಅದೀರಿ?" ಎಂದು ಕೇಳಿ, ನನ್ನ ಕೈಚೀಲವನ್ನು ತಾನೇ ಎತ್ತಿ ಗಾಡಿಯೊಳಗಿಟ್ಟ. ನಾನು ಬರೆದದ್ದು ಅವನಿಗೆ ತಿಳಿದಿತ್ತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಓದಿದವನು ನಾನು, ಎಂಟನೆಯ ತರಗತಿಗೆ ಶಾಲೆ ಬಿಟ್ಟವನು ಸಿಪಾಯಿ. ಆ ಹುಡುಗನ ನಡತೆಯನ್ನು ಸರಿಯಾಗಿ ಓದಿದವನು ಮಾತ್ರ ಅವನು.

ಈ ಮಾತನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಮನುಷ್ಯನ ನಡತೆಯನ್ನು ಕುರಿತ ಶಾಸ್ತ್ರ ವಿದ್ವತ್ಪತ್ರಿಕೆಗಳಲ್ಲಿಯೇ ಉಳಿಯುವುದಿಲ್ಲ. ಶಾಲೆಯ ದಾಖಲೆಗೆ, ನೌಕರಿಯ ಸಂದರ್ಶನಕ್ಕೆ, ವೈದ್ಯರ ಕೊಠಡಿಗೆ, ನ್ಯಾಯಾಲಯದ ಕಟಕಟೆಗೆ ಅದು ಇಳಿದು ಬರುತ್ತದೆ. ಅಲ್ಲಿ ಯಾವ ಕಾರಣ ಕಾರಣವೆಂದು ಎಣಿಕೆಯಾಗುತ್ತದೆ, ಯಾವುದು 'ಬೇರೆ ಮಾತು' ಎಂದು ಬದಿಗೆ ಬೀಳುತ್ತದೆ ಎಂಬುದರ ಮೇಲೆ ಒಬ್ಬೊಬ್ಬರ ಬದುಕು ನಿಂತಿರುತ್ತದೆ.

ನಮ್ಮ ಸೀಮೆಯ ಕಲೆಗಾರರಿಗೆ ಇದು ಹೊಸ ವಿಚಾರವಲ್ಲ. ಶ್ರೀಕೃಷ್ಣ ಪಾರಿಜಾತದ ಆಟವನ್ನು ರಂಗಕ್ಕೆ ತಂದು ಬೆಳೆಸಿದ ಕುಲಗೋಡ ತಮ್ಮಣ್ಣನವರೂ ಅದನ್ನು ತಮ್ಮ ಕಂಠದಿಂದ ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮನವರೂ, ಗೋಕಾವಿ-ಮೂಡಲಗಿ ಸೀಮೆಯವರು. ಆ ಆಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಭಾಗವತನು ಯಾರು, ಎತ್ತಣವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರ ತನ್ನ ಊರು, ನಂಟು, ಬಂದ ಕಾರ್ಯ ಎಲ್ಲವನ್ನೂ ಹೇಳಿದ ಮೇಲೆಯೇ ಆಟ ಮುಂದುವರಿಯುತ್ತದೆ. ಸತ್ಯಭಾಮೆ ಅಹಂಕಾರಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ಆಟವೇ ಇಲ್ಲ. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರಿದ ಸುದ್ದಿ ಯಾರ ಬಾಯಿಂದ, ಯಾವಾಗ, ಹೇಗೆ ಬಂತು ಎಂಬುದನ್ನು ಇಡೀ ರಾತ್ರಿ ಬಿಡಿಸಿ ತೋರಿಸಿದಾಗ, ಬೆಳಗಾಗುವ ಹೊತ್ತಿಗೆ ಪ್ರೇಕ್ಷಕನಿಗೆ ಅವಳ ಮುನಿಸು ತನ್ನ ಮನೆಯ ಮುನಿಸೇ ಆಗಿರುತ್ತದೆ.

ಸಹಕಾರದ ದಾರಿ ಒಮ್ಮುಖವಾಗಿ ಇರಬೇಕಾಗಿಲ್ಲ ಎಂಬುದಕ್ಕೂ ನಮ್ಮಲ್ಲಿಯೇ ನಿದರ್ಶನಗಳಿವೆ. ಐವತ್ತರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ಈ ಭಾಗದ ಜನಪದ ಕಥೆಗಳನ್ನು ಸಂಗ್ರಹಿಸಿದರು. ಮುಂದೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಈಡಿಪಸನ ಕಥೆಯ ಬಗೆಗೆ ಫ್ರಾಯ್ಡ್ ಕಟ್ಟಿದ ಸಿದ್ಧಾಂತವನ್ನು ಉತ್ತರ ಕರ್ನಾಟಕದಲ್ಲಿ ತಾವು ಕೇಳಿದ ಕಥೆಯೊಂದರ ಪಕ್ಕದಲ್ಲಿಟ್ಟು, ಇಲ್ಲಿ ಅದೇ ಕಥೆಯನ್ನು ತಾಯಿಯ ಕಡೆಯಿಂದ ಹೇಳುತ್ತಾರಲ್ಲ ಎಂದು ತೋರಿಸಿದರು. 1989ರ ಪ್ರಬಂಧವೊಂದರಲ್ಲಿ, ಸಂದರ್ಭವನ್ನು ಬಿಡದೆ ಯೋಚಿಸುವ ಕ್ರಮಕ್ಕೂ ಸಂದರ್ಭದಿಂದ ಬಿಡಿಸಿ ಯೋಚಿಸುವ ಕ್ರಮಕ್ಕೂ ಇರುವ ಭೇದವನ್ನು ವಿಚಾರಮಾಡಿದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರೂ ಅರವತ್ತರ ದಶಕದ ಕೊನೆಯಲ್ಲಿ ಅದೇ ಶಿಕಾಗೊದಲ್ಲಿ ಪಾಠ ಹೇಳಿ ಬಂದವರು. ಶಿಕಾಗೊದವರು ಮೈಸೂರಿಗೆ ಪ್ರಶ್ನೆ ಹೊತ್ತು ಬರುವುದಕ್ಕೆ ಮೊದಲೇ ಘಟಪ್ರಭೆಯ ದಂಡೆಯ ಮಾತು ಶಿಕಾಗೊಕ್ಕೆ ಹೋಗಿತ್ತು.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕಾಗಿದೆ. ಮೊದಲನೆಯದಾಗಿ, ಭಾರತೀಯರ ಮನಸ್ಸು ಹೀಗೆ, ಪಾಶ್ಚಾತ್ಯರ ಮನಸ್ಸು ಹಾಗೆ ಎಂದು ಗೆರೆ ಎಳೆದು ಕೂರುವುದು ಮತ್ತೊಂದು ಬಗೆಯ ಸ್ವಭಾವದ ಚೀಟಿಯೇ. ಮಿಲ್ಲರ್ ಅವರು ಮೈಸೂರಿನ ಆಂಗ್ಲೋ-ಇಂಡಿಯನ್ನರನ್ನೂ ಪ್ರಶ್ನಿಸಿದ್ದರು. ಅವರ ಉತ್ತರಗಳು ಎರಡರ ನಡುವೆ ಬಂದವು. ಒಂದೇ ಊರಿನಲ್ಲಿ ಹೀಗೆ ಭೇದವಿದ್ದರೆ ಒಂದು ದೇಶಕ್ಕೆ ಒಂದೇ ಮನಸ್ಸೆಂಬುದು ಎಲ್ಲಿ ಉಳಿಯಿತು? ಅಲ್ಲದೆ, ಮನುಷ್ಯರಿಗೆ ಸಮಾನವಾದುದೂ ಬಹಳವಿದೆ. 2018ರಲ್ಲಿ ಪ್ರಕಟವಾದ ದೊಡ್ಡದೊಂದು ಸಹಕಾರಿ ಅಧ್ಯಯನದಲ್ಲಿ, 36 ದೇಶ-ಪ್ರಾಂತಗಳ 125 ಗುಂಪುಗಳಿಗೆ ಸೇರಿದ 15,305 ಜನರ ಮೇಲೆ 28 ಹಳೆಯ ಪ್ರಯೋಗಗಳನ್ನು ಮತ್ತೆ ನಡೆಸಿ ನೋಡಿದರು. ಸುಮಾರು ಅರ್ಧದಷ್ಟು ಮಾತ್ರ ನಿಂತವು. ನಿಂತವುಗಳಲ್ಲಿ ಬಹುಪಾಲು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ನಿಂತವು. ಬಿದ್ದವು ಎಲ್ಲ ಕಡೆಯೂ ಬಿದ್ದವು. ಹೀಗೆ ತಮ್ಮ ಶಾಸ್ತ್ರದ ತಪ್ಪನ್ನು ತಾವೇ ಕೂಡಿ ಹುಡುಕಿದ ಆ ವಿದ್ವಾಂಸರ ಪ್ರಾಮಾಣಿಕತೆಗೆ ಕೈಮುಗಿಯಬೇಕು.

ಎರಡನೆಯ ಎಚ್ಚರಿಕೆ ನಮ್ಮ ಮನೆಯೊಳಗಿನದು. ಸಂದರ್ಭವನ್ನು ನೋಡುವ ಕಣ್ಣು ಕನಿಕರವನ್ನು ಕಲಿಸುವಂತೆ ನೆಪವನ್ನೂ ಕಲಿಸುತ್ತದೆ. ವರದಕ್ಷಿಣೆ ತೆಗೆದುಕೊಂಡವನು, ಮಂದಿ ಏನಂದಾರು ಎನ್ನುತ್ತಾನೆ. ಲಂಚ ತೆಗೆದುಕೊಂಡವನು, ಎಲ್ಲ ಕಡೆ ಹಂಗs ಅದ ಎನ್ನುತ್ತಾನೆ. ಚಹಾದಂಗಡಿಯಲ್ಲಿ ಕೆಲವರಿಗೆ ಬೇರೆ ಬಟ್ಟಲು ಇಟ್ಟವನು, ಊರ ಪದ್ಧತಿ ಎನ್ನುತ್ತಾನೆ. ಅಂಥಲ್ಲಿ, ಇದು ನಿನ್ನ ಕೆಲಸ, ಇದಕ್ಕೆ ನೀನೇ ಉತ್ತರ ಹೇಳು ಎಂದು ಒಬ್ಬೊಬ್ಬನನ್ನೂ ನಿಲ್ಲಿಸಿ ಕೇಳುವ ದೃಷ್ಟಿ ನಮಗೆ ಬೇಕಾಗಿದೆ. ಅವರಿಂದ ನಾವೂ ನಮ್ಮಿಂದ ಅವರೂ ಕಲಿಯುವುದಕ್ಕೆ ಇರುವುದು ಇಲ್ಲಿಯೇ.

ಹಾಗಾದರೆ ನಿಜವಾದ ಸಹಕಾರ ಹೇಗಿರಬೇಕು? ಸಹಕಾರವೆಂಬ ಮಾತಿನ ಅರ್ಥ ನಮ್ಮ ಸೀಮೆಯವರಿಗೆ ತಿಳಿಯದ್ದಲ್ಲ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಸಂಘದ ಬೆಳಕನ್ನು ಬಳಸುವವನು ಅದರ ಸದಸ್ಯನೂ ಆಗಬಹುದು. ಹಳ್ಳಿಯ ಹಾಲಿನ ಸಂಘದಲ್ಲಿಯೂ ಹಾಲು ಹಾಕುವವನಿಗೆ ಪಾಲಿದೆ, ಮತವಿದೆ. ಸಂಶೋಧನೆಯ ಲೋಕದಲ್ಲಿ ಹಾಲು ಹಾಕುವವರು ಎಷ್ಟೋ ಕಾಲ ನಮ್ಮಂಥವರು. ಅಳೆಯುವವರು, ದರ ಕಟ್ಟುವವರು ಬೇರೆ ಕಡೆಯವರು. ಪ್ರಶ್ನೆ ಅಲ್ಲಿ ಸಿದ್ಧವಾಗುತ್ತದೆ, ಉತ್ತರ ಇಲ್ಲಿಂದ ಹೋಗುತ್ತದೆ, ಗ್ರಂಥ ಅಲ್ಲಿ ಅಚ್ಚಾಗುತ್ತದೆ. ಉತ್ತರ ಕೊಟ್ಟವರಿಗೆ ಅದರಲ್ಲಿ ಏನು ಬರೆದಿದೆ ಎಂಬುದೇ ತಿಳಿಯುವುದಿಲ್ಲ.

ಇಲ್ಲಿ ಭಾಷೆಯ ಕೆಲಸ ದೊಡ್ಡದು. ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡಕ್ಕೆ ತಂದು, ಅದನ್ನು ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ, ಎರಡೂ ತಾಳೆಯಾದರೆ ಅನುವಾದ ಸರಿಯೆಂದು ಒಪ್ಪುವ ಕ್ರಮ ಎಪ್ಪತ್ತರ ದಶಕದಿಂದ ಬಳಕೆಯಲ್ಲಿದೆ. ಒಳ್ಳೆಯ ಕ್ರಮವೇ. ಆದರೆ ಅದರಿಂದ ಇಂಗ್ಲಿಷಿನಲ್ಲಿದ್ದದ್ದು ಕನ್ನಡಕ್ಕೆ ಬಂತೇ ಎಂಬುದಷ್ಟೇ ತಿಳಿಯುತ್ತದೆ. ಕನ್ನಡದಲ್ಲಿ ಇದ್ದು ಇಂಗ್ಲಿಷಿನ ಪ್ರಶ್ನಾವಳಿಯಲ್ಲಿ ಇಲ್ಲದ್ದು ಯಾವುದು ಎಂಬುದನ್ನು ಅದು ಕೇಳುವುದಿಲ್ಲ. 'ಹಂಗು' ಎಂಬ ನಮ್ಮ ಮಾತನ್ನೇ ತೆಗೆದುಕೊಳ್ಳಿ. ಅದರಲ್ಲಿ ಉಪಕಾರದ ನೆನಪಿದೆ, ಭಾರವಿದೆ, ಬಿಡಿಸಿಕೊಳ್ಳುವ ತವಕವಿದೆ, ಬಿಡಿಸಿಕೊಂಡರೆ ಒಂಟಿಯಾದೇನೆಂಬ ಅಳುಕೂ ಇದೆ. 'ಮುಲಾಜು', 'ಹಳಹಳಿ' ಎಂಬ ಮಾತುಗಳೂ ಹೀಗೆಯೇ. 1990ರಲ್ಲಿ ಮಿಲ್ಲರ್ ಅವರೂ ಸಂಗಡಿಗರೂ, ಅಪರಿಚಿತನ ಸಣ್ಣ ತೊಂದರೆಗೂ ನೆರವಾಗುವುದು ಕರ್ತವ್ಯವೆಂದು ಭಾರತೀಯರು ಎಣಿಸುತ್ತಾರೆ, ಅಮೆರಿಕದವರಲ್ಲಿ ಹಲವರು ಅದನ್ನು ಅವರವರ ಇಷ್ಟಕ್ಕೆ ಬಿಡುತ್ತಾರೆ ಎಂದು ತೋರಿಸಿದರು. ಆ ಕರ್ತವ್ಯದ ಒಳಗೆ ಹಂಗು ಎಷ್ಟು, ಮುಲಾಜು ಎಷ್ಟು, ಪ್ರೀತಿ ಎಷ್ಟು ಎಂದು ವಿಂಗಡಿಸಬೇಕಾದರೆ ಕನ್ನಡ ಬಲ್ಲವರು ಕೇಳುವವರ ಪಂಕ್ತಿಯಲ್ಲಿ ಕುಳಿತಿರಬೇಕು. ಅಲಹಾಬಾದಿನ ದುರ್ಗಾನಂದ ಸಿನ್ಹಾರಂಥ ವಿದ್ವಾಂಸರು ಹಿಂದೆಯೇ ಈ ಮಾತನ್ನು ಎತ್ತಿ, ಶಾಸ್ತ್ರ ಈ ನೆಲದ ಬದುಕಿನಿಂದಲೇ ತನ್ನ ಪ್ರಶ್ನೆಗಳನ್ನು ಪಡೆಯಬೇಕೆಂದು ವಾದಿಸಿದ್ದರು.

ನಮ್ಮ ಪಟ್ಟಣಗಳ ಕಾಲೇಜುಗಳಲ್ಲಿ ಮನಃಶಾಸ್ತ್ರ ಓದುವ ಮಕ್ಕಳಿದ್ದಾರೆ, ಕನ್ನಡ ಓದುವ ಮಕ್ಕಳಿದ್ದಾರೆ. ಇವರಿಬ್ಬರೂ ಒಂದು ಜಗಲಿಯಲ್ಲಿ ಕುಳಿತು ಮಾತನಾಡಿದರೆ ಸಾಕು, ಅರ್ಧ ಕೆಲಸವಾದಂತೆ. ಊರಿನ ಜನ ನಡತೆಗೆ ಕೊಡುವ ಕಾರಣಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಬರೆದದ್ದನ್ನು ಅವರಿಗೆ ಮತ್ತೆ ಓದಿ ಹೇಳಲಿ. ಅನಂತರ ಹೊರನಾಡಿನ ವಿದ್ವಾಂಸರೊಡನೆ ಕೂಡಲಿ. ಆಗ ಅವರ ಕೈಯಲ್ಲಿ ಉತ್ತರಗಳ ಜೊತೆಗೆ ಪ್ರಶ್ನೆಗಳೂ ಇರುತ್ತವೆ.

ತಂಗಿಯ ಮೊಮ್ಮಗಳು ಆ ಪ್ರಶ್ನಾವಳಿಯನ್ನು ತನ್ನ ಅಧ್ಯಾಪಕರಿಗೆ ಒಪ್ಪಿಸುವ ಮೊದಲು ನನಗೆ ತೋರಿಸಿದಳು. ಮೂರು ಎಂಬ ಅಂಕವನ್ನು ಹೊಡೆದುಹಾಕಿದ್ದಳು. ಅದರ ಪಕ್ಕದಲ್ಲಿ ಆ ತಾಯಿಯ ಮಾತನ್ನೇ ಬರೆದಿದ್ದಳು: ಯಾರ ಮುಂದ? ಅಂಕ ಹೋದರೆ ಹೋಗಲಿ, ಅಳಿಸಬೇಡ ಎಂದು ಹೇಳಿ ಬಂದಿದ್ದೇನೆ.